ಗಣಕೀಕೃತ ಆಡಳಿತ ಮತ್ತು ಸರ್ಕಾರಿ ನೌಕರ: ಕರ್ನಾಟಕದ ಕಾಲು ಶತಮಾನ

ಕರ್ನಾಟಕದಲ್ಲಿ ಪಹಣಿಗಳು ಕಂಪ್ಯೂಟರ್‌ಗೆ ಏರಿ ಸುಮಾರು ಇಪ್ಪತ್ತೈದು ವರ್ಷಗಳಾದವು. ಈ ಅವಧಿಯಲ್ಲಿ ರಾಜ್ಯ ಸರ್ಕಾರದ ಬಹುತೇಕ ಎಲ್ಲ ಇಲಾಖೆಗಳ ಕೆಲಸವೂ ಒಂದಲ್ಲ ಒಂದು ತಂತ್ರಾಂಶದ ಮೂಲಕ ನಡೆಯುವಂತಾಗಿದೆ. ಖಜಾನೆಯ ಬಿಲ್ಲು, ಆಸ್ತಿ ನೋಂದಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಾಮಗಾರಿಯ ಟೆಂಡರು, ನೌಕರರ ಸಂಬಳ, ರೈತರ ಬೆಳೆ ಪರಿಹಾರ, ವಿದ್ಯಾರ್ಥಿವೇತನ ಇವೆಲ್ಲಕ್ಕೂ ಈಗ ಕಾಗದದ ವಹಿ ಮುಖ್ಯವಲ್ಲ, ದತ್ತಾಂಶ ಮುಖ್ಯ. ಆದರೆ ಆ ದತ್ತಾಂಶವನ್ನು ತುಂಬುವ, ಪರಿಶೀಲಿಸುವ, ಅದರ ಮೇಲೆ ಆದೇಶ ಹೊರಡಿಸುವ ನೌಕರರ ನೇಮಕಾತಿ, ತರಬೇತಿ, ವರ್ಗಾವಣೆ, ಬಡ್ತಿಯ ಕ್ರಮಗಳು ಬಹುಪಾಲು ಹಳೆಯವೇ. ಆಡಳಿತದ ಆಧುನೀಕರಣ ಈಗ ಎಡವುತ್ತಿರುವುದು ಇಲ್ಲೇ. ಜನ ಬಂದು ನಿಲ್ಲುವ ಕೌಂಟರ್ ಸಾಕಷ್ಟು ಬದಲಾಗಿದೆ; ಅದರ ಹಿಂದಿನ ಕೋಣೆ ಬದಲಾದದ್ದು ಕಡಿಮೆ.

ಪಹಣಿಯಿಂದ ಮೊದಲಾದದ್ದು

ಹಳ್ಳಿಯ ಜಮೀನಿನ ಲೆಕ್ಕ ಒಂದು ಕಾಲಕ್ಕೆ ಶಾನುಭೋಗರ ಮನೆಯಲ್ಲಿರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಮುಗಿದವು. ಆ ಜಾಗಕ್ಕೆ ಸಂಬಳ ಪಡೆಯುವ, ವರ್ಗಾವಣೆಗೆ ಒಳಪಡುವ ಗ್ರಾಮ ಲೆಕ್ಕಿಗ ಬಂದ. ಆಡಳಿತ ಸುಧಾರಣೆ ಎಂದರೆ ಯಂತ್ರ ತರುವುದು ಎಂದೇ ಭಾವಿಸುವ ಈ ದಿನಗಳಲ್ಲಿ ಇದನ್ನು ನೆನೆಯಬೇಕು. ಗ್ರಾಮಾಡಳಿತದ ಬಹುದೊಡ್ಡ ಸುಧಾರಣೆಯೊಂದು ಯಾವ ಯಂತ್ರದ ನೆರವೂ ಇಲ್ಲದೆ, ಹುದ್ದೆಯ ಸ್ವರೂಪವನ್ನು ಬದಲಿಸಿದ್ದರಿಂದಲೇ ಆಯಿತು.

ಹುದ್ದೆ ಬದಲಾದರೂ ವಹಿ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು. ಹಕ್ಕು, ಗೇಣಿ, ಬೆಳೆ ಇವುಗಳನ್ನು ತೋರಿಸುವ ಪಹಣಿಯಿಲ್ಲದೆ ರೈತನಿಗೆ ಬ್ಯಾಂಕಿನ ಸಾಲವಿಲ್ಲ, ಜಾಮೀನಿಲ್ಲ, ಮಾರಾಟವಿಲ್ಲ. ಅದನ್ನು ಕೈಬರಹದಲ್ಲಿ ಬರೆದುಕೊಡಬೇಕಾದ ಗ್ರಾಮ ಲೆಕ್ಕಿಗ ಒಬ್ಬನೇ, ಅವನ ವೃತ್ತಕ್ಕೆ ಸೇರಿದ ಹಳ್ಳಿಗಳು ಹಲವು. ಅವನು ಊರಿಗೆ ಬರುವ ದಿನ ಕಾಯುವುದು, ಬಂದಾಗ ಕೈ ಬೆಚ್ಚಗೆ ಮಾಡುವುದು ರೂಢಿಯಾಗಿತ್ತು. ದಾಖಲೆಯಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಸೇರಿಸಿದರೂ ತಿಳಿಯುವ ದಾರಿ ಜಮೀನಿನ ಒಡೆಯನಿಗೆ ಇರಲಿಲ್ಲ.

ಭೂದಾಖಲೆಗಳ ಗಣಕೀಕರಣ 1990ರ ದಶಕದ ಆರಂಭದಲ್ಲೇ ಕೇಂದ್ರದ ನೆರವಿನಿಂದ ಪ್ರಾಯೋಗಿಕವಾಗಿ ಶುರುವಾಗಿತ್ತು. ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಕಂಪ್ಯೂಟರ್‌ನಲ್ಲಿ ಒಂದು ದಾಖಲೆ, ಗ್ರಾಮ ಲೆಕ್ಕಿಗನ ವಹಿಯಲ್ಲಿ ಇನ್ನೊಂದು, ಕಾನೂನಿನ ಬೆಲೆ ಮಾತ್ರ ವಹಿಗೆ ಎಂಬ ಸ್ಥಿತಿಯಲ್ಲಿ ಕಂಪ್ಯೂಟರ್ ಬರೀ ನಕಲು ತೆಗೆಯುವ ಸಾಧನವಾಗಿ ಉಳಿಯಿತು. ದಶಕದ ಕೊನೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಜ್ಞರು ರೂಪಿಸಿದ ‘ಭೂಮಿ’ ಯೋಜನೆ ಈ ಹಿಂದಿನ ಸೋಲಿನಿಂದ ಕಲಿತದ್ದು ಒಂದು ಮುಖ್ಯ ಸಂಗತಿಯನ್ನು. ತಾಲ್ಲೂಕಿನ ದಾಖಲೆಗಳು ಕಂಪ್ಯೂಟರ್‌ಗೆ ಏರಿ ಪರಿಶೀಲನೆ ಮುಗಿದ ಕೂಡಲೇ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಸರ್ಕಾರ ಸಾರಿತು. ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಿದ ಈ ತೀರ್ಮಾನ ತಂತ್ರಾಂಶಕ್ಕಿಂತ ದೊಡ್ಡ ಕೆಲಸ ಮಾಡಿತು.

ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. 177 ತಾಲ್ಲೂಕು ಕೇಂದ್ರಗಳಲ್ಲಿ ಕೌಂಟರ್‌ಗಳು ತೆರೆದವು. ಅಲ್ಲಿನ ವ್ಯವಸ್ಥೆ ಗಮನಿಸುವಂಥದ್ದು. ಸರ್ವೆ ನಂಬರ್ ಹೇಳಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ, ಯಾರ ಜಮೀನಿನ ಪಹಣಿಯನ್ನಾದರೂ ಪಡೆಯಬಹುದಿತ್ತು. ನೌಕರನ ಮುಂದೆ ಒಂದು ಪರದೆಯಿದ್ದರೆ, ಅವನು ಏನು ಮಾಡುತ್ತಿದ್ದಾನೆಂದು ಕಾಣಲಿ ಎಂದು ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ ಇತ್ತು. ನೌಕರ ತಂತ್ರಾಂಶದ ಒಳಹೋಗಲು ಗುಪ್ತಪದ ಸಾಲದು, ಬೆರಳಚ್ಚು ಕೊಡಬೇಕಿತ್ತು. ಆದ್ದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಿತ್ತು, ತಿರಸ್ಕರಿಸಿದರೆ ಕಾರಣ ಬರೆಯಬೇಕಿತ್ತು. ಈ ಕೌಂಟರ್‌ಗಳಲ್ಲಿ ಕುಳಿತವರು ಹೊರಗಿನಿಂದ ತಂದ ಆಪರೇಟರ್‌ಗಳಲ್ಲ. ಇಲಾಖೆಯ ಯುವ ಗ್ರಾಮ ಲೆಕ್ಕಿಗರನ್ನೇ ಆರಿಸಿ, ತರಬೇತಿ ಕೊಟ್ಟು ಕೂರಿಸಲಾಗಿತ್ತು. ಕೆಲಸದ ಕಾನೂನೂ ಕಂಪ್ಯೂಟರೂ ಎರಡೂ ಗೊತ್ತಿದ್ದ ನೌಕರ ಆಗ ಸಿಕ್ಕಿದ್ದು ಹೀಗೆ. ಭೂಮಿ ಯೋಜನೆಯ ಬಗ್ಗೆ ದೇಶ ವಿದೇಶಗಳಲ್ಲಿ ಬಂದ ಬರಹಗಳಲ್ಲಿ ತಂತ್ರಜ್ಞಾನಕ್ಕೆ ಸಿಕ್ಕಷ್ಟು ಮನ್ನಣೆ ಈ ಆಯ್ಕೆಗೆ ಸಿಗಲಿಲ್ಲ.

ಬೆಂಗಳೂರಿನ ಸಾರ್ವಜನಿಕ ವ್ಯವಹಾರಗಳ ಕೇಂದ್ರದ ಪರವಾಗಿ ಆಲ್ಬರ್ಟ್ ಲೋಬೊ ಮತ್ತು ಸುರೇಶ್ ಬಾಲಕೃಷ್ಣನ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದಾಗಿ ಹೇಳಿದವರು ಶೇ 66ರಷ್ಟು. ಭೂಮಿ ಕೌಂಟರ್‌ನಲ್ಲಿ ಕೊಟ್ಟಿದ್ದಾಗಿ ಹೇಳಿದವರು ಶೇ 3ರಷ್ಟು. ಪಹಣಿಯ ಪ್ರತಿ ಪಡೆಯುವ ಮಟ್ಟಿಗೆ ಇದು ಅಸಾಧಾರಣ ಯಶಸ್ಸು. ಖಾತೆ ಬದಲಾವಣೆ, ಪೋಡಿ, ತಿದ್ದುಪಡಿಗಳ ವಿಷಯದಲ್ಲಿ ಚಿತ್ರ ಇಷ್ಟು ಹಸನಾಗಿರಲಿಲ್ಲ. ಅಲ್ಲಿ ಅಧಿಕಾರಿಯ ವಿವೇಚನೆ ಬೇಕು, ಸ್ಥಳ ಪರಿಶೀಲನೆ ಬೇಕು, ನೋಟಿಸ್ ಕೊಟ್ಟು ಕಾನೂನು ಹೇಳಿದಷ್ಟು ದಿನ ಆಕ್ಷೇಪಣೆಗೆ ಕಾಯಬೇಕು. ಕಂಪ್ಯೂಟರ್ ಎಷ್ಟೇ ಚುರುಕಾಗಿದ್ದರೂ ಕಾಯ್ದೆಯಲ್ಲಿರುವ ದಿನಗಳು ಕಡಿಮೆಯಾಗವು.

ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಖಾರವಾದ ಪ್ರಶ್ನೆ ಎತ್ತಿತು. ಹಳ್ಳಿಯಲ್ಲಿ ಹಂಚಿಹೋಗಿದ್ದ ಮಾಹಿತಿ ತಾಲ್ಲೂಕು ಕೇಂದ್ರದಲ್ಲಿ ಒಂದೆಡೆ ಸಿಗುವಂತಾದ ಮೇಲೆ, ಬೆಂಗಳೂರಿನ ಸುತ್ತ ಹೆಚ್ಚಾಗಿ ಲಾಭ ಪಡೆದವರು ದೊಡ್ಡ ಪ್ರಮಾಣದಲ್ಲಿ ಭೂಮಿ ಹುಡುಕುವವರು ಎಂಬುದು ಅವರ ವಾದ. ಬೆಂಗಳೂರಿನ ಸುತ್ತಲಿನ ಈ ಅನುಭವವನ್ನು ರಾಯಚೂರಿಗೂ ಹಾವೇರಿಗೂ ಅನ್ವಯಿಸುವುದು ಕಷ್ಟ. ಆದರೂ ದಾಖಲೆಯನ್ನು ತೆರೆದಿಟ್ಟರೆ ಸಾಕು, ಎಲ್ಲರಿಗೂ ಸಮನಾಗಿ ದಕ್ಕುತ್ತದೆ ಎಂಬ ನಂಬಿಕೆಯನ್ನು ಆ ಅಧ್ಯಯನ ಸರಿಯಾಗಿಯೇ ಅಲುಗಾಡಿಸಿತು.

ಒಂದರ ಹಿಂದೊಂದು ಯೋಜನೆ

ಭೂಮಿಯ ಬೆನ್ನಿಗೆ ಬಂದ ಯೋಜನೆಗಳು ಹಲವು. 2002ರಲ್ಲಿ ‘ಖಜಾನೆ’ ರಾಜ್ಯದ ಖಜಾನೆಗಳನ್ನು ಒಂದೇ ಜಾಲಕ್ಕೆ ತಂದಿತು. ಬಜೆಟ್‌ನಲ್ಲಿ ಹಣವಿಲ್ಲದಿದ್ದರೆ ಬಿಲ್ಲು ಪಾಸಾಗದಂತೆ ತಂತ್ರಾಂಶವೇ ತಡೆಯುವಂತಾಯಿತು. ‘ಕಾವೇರಿ’ ಉಪನೋಂದಣಾಧಿಕಾರಿ ಕಚೇರಿಗಳಿಗೆ ಬಂತು. 2005ರಲ್ಲಿ ‘ಬೆಂಗಳೂರು ಒನ್’ ತೆರೆದು, ವಿದ್ಯುತ್ ಬಿಲ್ಲಿನಿಂದ ಆಸ್ತಿ ತೆರಿಗೆಯವರೆಗೆ ಒಂದೇ ಸೂರಿನಡಿ ಕಟ್ಟುವ ಅನುಕೂಲ ಆಯಿತು. ಇ–ಪ್ರೊಕ್ಯೂರ್‌ಮೆಂಟ್ ಬಂದ ಮೇಲೆ ಟೆಂಡರು ಫಾರಂ ಕೊಡದೆ ಸತಾಯಿಸುವ, ಪೆಟ್ಟಿಗೆಯ ಬಳಿ ಅಡ್ಡಗಟ್ಟುವ ಹಳೆಯ ಚಾಳಿಗೆ ಕಡಿವಾಣ ಬಿತ್ತು. ಗ್ರಾಮ ಪಂಚಾಯಿತಿಗಳಿಗೆ ‘ಪಂಚತಂತ್ರ’, ‘ಇ–ಸ್ವತ್ತು’, ಭೂಮಾಪನಕ್ಕೆ ‘ಮೋಜಿಣಿ’ ಬಂದವು.

ಇವುಗಳಲ್ಲಿ ‘ನೆಮ್ಮದಿ’ ಕೇಂದ್ರಗಳ ಕತೆ ಬೇರೆ. 2006ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಹೋಬಳಿ ಮಟ್ಟದಲ್ಲಿ ಸುಮಾರು 800 ಕೇಂದ್ರಗಳು ತೆರೆದವು. ಅರ್ಜಿ ತೆಗೆದುಕೊಳ್ಳುವ ಕೆಲಸ ಖಾಸಗಿಯವರದು, ಪರಿಶೀಲನೆ ಗ್ರಾಮ ಲೆಕ್ಕಿಗ ಮತ್ತು ಕಂದಾಯ ನಿರೀಕ್ಷಕರದು, ಸಹಿ ತಹಶೀಲ್ದಾರರದು. ತಡವಾದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದಕ್ಕೆ ಬೇಕಾದಷ್ಟು ಅವಕಾಶವಿತ್ತು. ಕೊನೆಗೆ 2012ರಲ್ಲಿ ಸರ್ಕಾರವೇ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನು ತೆರೆದು ಆ ಕೆಲಸವನ್ನು ಉಪ ತಹಶೀಲ್ದಾರರ ಕೈಗೆ ಕೊಟ್ಟಿತು. ಮುಂದೆ ಬಂದ ಒಂದು ಸುಧಾರಣೆ ಇನ್ನೂ ಹೆಚ್ಚಿನದು. ಕುಟುಂಬಗಳ ಜಾತಿ, ಆದಾಯದ ವಿವರವನ್ನು ಮೊದಲೇ ಪರಿಶೀಲಿಸಿ ಇಟ್ಟುಕೊಂಡು, ಕೇಳಿದ ಕೂಡಲೇ ಕೌಂಟರ್‌ನಲ್ಲೇ ಪ್ರಮಾಣಪತ್ರ ಕೊಡುವ ಕ್ರಮ ಜಾರಿಯಾಯಿತು. ಅರ್ಜಿ ಬಂದ ಮೇಲೆ ಓಡಾಡುವ ಬದಲು ಮೊದಲೇ ಸಿದ್ಧವಾಗಿರುವುದು ಕೆಲಸದ ಕ್ರಮವನ್ನೇ ತಿರುವುಮುರುವು ಮಾಡಿದ ಬದಲಾವಣೆ. ಇಂಥವು ಕಡಿಮೆ, ಇಂಥವೇ ಹೆಚ್ಚು ಬೇಕಾದವು.

ಸಕಾಲ: ಗಡುವಿಗೆ ಕಾನೂನಿನ ಬಲ

ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಕಾಯ್ದೆ ‘ಸಕಾಲ’ ಎಂಬ ಹೆಸರಿನಲ್ಲಿ 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ, ಏಪ್ರಿಲ್‌ನಲ್ಲಿ ಇಡೀ ರಾಜ್ಯದಲ್ಲಿ ಜಾರಿಗೆ ಬಂತು. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳು ಅದರಡಿ ಇದ್ದವು. ಪ್ರತಿ ಸೇವೆಗೂ ಒಂದು ಗಡುವು, ಹೊಣೆ ಹೊರುವ ಒಬ್ಬ ಅಧಿಕಾರಿ, ಅರ್ಜಿದಾರನ ಕೈಗೆ ಸಂಖ್ಯೆಯಿರುವ ಸ್ವೀಕೃತಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ. ಅದು ತಪ್ಪಿತಸ್ಥ ನೌಕರನ ಸಂಬಳದಿಂದ.

ಮೊತ್ತ ಚಿಕ್ಕದು, ಆದರೆ ಪರಿಣಾಮ ಚಿಕ್ಕದಲ್ಲ. ಯಾವ ಟೇಬಲ್ಲಿನಲ್ಲಿ ಎಷ್ಟು ಅರ್ಜಿ ಎಷ್ಟು ದಿನದಿಂದ ಕೂತಿದೆ ಎಂಬುದು ಮೊದಲ ಬಾರಿಗೆ ಜಿಲ್ಲಾಧಿಕಾರಿಗೂ ಮಂತ್ರಿಗೂ ಪರದೆಯ ಮೇಲೆ ಕಂಡಿತು. ತಾಲ್ಲೂಕು, ಜಿಲ್ಲೆಗಳ ನಡುವೆ ಶ್ರೇಯಾಂಕ ಶುರುವಾಯಿತು. ಸಕಾಲದ ಬಲಹೀನತೆಯೂ ಅಳತೆಯಲ್ಲೇ ಇದೆ. ಅದು ಅಳೆಯುವುದು ಅರ್ಜಿ ವಿಲೇವಾರಿಯಾಯಿತೇ ಎಂಬುದನ್ನು. ಜನರ ಕೆಲಸ ಆಯಿತೇ ಎಂಬುದನ್ನಲ್ಲ. ಗಡುವು ಹತ್ತಿರ ಬಂದಾಗ ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸಿದರೂ ತಂತ್ರಾಂಶದ ಲೆಕ್ಕದಲ್ಲಿ ಅದು ಸಕಾಲದ ವಿಲೇವಾರಿಯೇ. ಅರ್ಜಿ ಕೊಟ್ಟವನು ಮತ್ತೆ ಹೊಸದಾಗಿ ಸಾಲಿನಲ್ಲಿ ನಿಲ್ಲಬೇಕು. ಪರಿಹಾರ ಕೇಳಿ ಮೇಲ್ಮನವಿಗೆ ಹೋಗುವವರೂ ವಿರಳ, ಏಕೆಂದರೆ ನಾಳೆ ಅದೇ ಕಚೇರಿಯ ಅದೇ ಮೆಟ್ಟಿಲನ್ನು ಹತ್ತಬೇಕಲ್ಲ.

ದತ್ತಾಂಶ ಒಂದಕ್ಕೊಂದು ಬೆಸೆದಾಗ

ಮೊದಲ ವರ್ಷಗಳ ತಂತ್ರಾಂಶಗಳು ಹೆಚ್ಚಾಗಿ ಒಂದೊಂದೂ ತನ್ನ ಪಾಡಿಗೆ ತಾನಿದ್ದವು. ಆಮೇಲಿನ ಹಂತದ ಕೆಲಸ ಅವನ್ನು ಜೋಡಿಸುವುದು. ಕಾವೇರಿಯಲ್ಲಿ ನೋಂದಣಿಯಾದ ಕ್ರಯಪತ್ರದ ವಿವರ ಭೂಮಿಗೆ ತಾನಾಗಿ ಹೋಗಿ ಖಾತೆ ಬದಲಾವಣೆಯ ಪ್ರಕ್ರಿಯೆ ಶುರುವಾಗುತ್ತದೆ. ರೈತರಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಒಂದು ಗುರುತಿನ ಸಂಖ್ಯೆ ಇದೆ. ಅದಕ್ಕೆ ಜಮೀನು, ಆಧಾರ್, ಬ್ಯಾಂಕ್ ಖಾತೆ ಜೋಡಿಸಿರುವುದರಿಂದ ‘ಪರಿಹಾರ’ ತಂತ್ರಾಂಶದ ಮೂಲಕ ಬರ ಅಥವಾ ನೆರೆಯ ಹಣ ನೇರವಾಗಿ ಖಾತೆಗೆ ಬೀಳುತ್ತದೆ. ಪಡಿತರ ಚೀಟಿಯ ಆಧಾರದ ಮೇಲೆ ‘ಕುಟುಂಬ’ ಎಂಬ ದತ್ತಾಂಶ ಕಟ್ಟಲಾಗಿದೆ. ಅರವತ್ತು ತುಂಬಿದವರನ್ನು ಇಲಾಖೆಯೇ ಗುರುತಿಸಿ ಪಿಂಚಣಿ ಮಂಜೂರು ಮಾಡುವ ಪ್ರಯತ್ನವೂ ನಡೆದಿದೆ. ಮುಪ್ಪಿನಲ್ಲಿ ಕಚೇರಿ ಅಲೆಯುವ ಪಾಡು ತಪ್ಪಿಸುವ ಇಂಥ ಕೆಲಸಕ್ಕೆ ಎಷ್ಟು ಮನ್ನಣೆ ಕೊಟ್ಟರೂ ಸಲ್ಲುತ್ತದೆ.

ಬೆಳೆ ಸಮೀಕ್ಷೆಯನ್ನು ಹತ್ತಿರದಿಂದ ನೋಡಿದರೆ ತಂತ್ರಜ್ಞಾನ ಮತ್ತು ನೌಕರವರ್ಗದ ನಂಟು ಸ್ಪಷ್ಟವಾಗುತ್ತದೆ. ಪಹಣಿಯಲ್ಲಿ ಬೆಳೆಗೊಂದು ಕಾಲಂ ಇದೆ. ಪ್ರತಿ ಹಂಗಾಮಿನಲ್ಲಿ ಹೊಲಕ್ಕೆ ಹೋಗಿ ನೋಡಿ ಅದನ್ನು ತುಂಬುವುದು ಗ್ರಾಮ ಲೆಕ್ಕಿಗನ ಕರ್ತವ್ಯ. ಸಾವಿರಾರು ಹಿಸ್ಸೆಗಳನ್ನು ಒಬ್ಬನೇ ಸುತ್ತುವುದು ಆಗದ ಮಾತು. ಕಳೆದ ವರ್ಷದ ಬೆಳೆಯನ್ನೇ ಕೂತಲ್ಲಿ ಬರೆಯುವುದು ನಡೆದುಕೊಂಡು ಬಂದಿತ್ತು. ಹತ್ತಿ ಬಿತ್ತಿದವನ ಪಹಣಿಯಲ್ಲಿ ಜೋಳ ಇದ್ದರೆ ವಿಮೆಯೂ ಇಲ್ಲ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಪ್ರವೇಶವೂ ಇಲ್ಲ. ಸರ್ಕಾರ ಮೊಬೈಲ್ ಆ್ಯಪ್ ಮೂಲಕ ಹಿಸ್ಸೆವಾರು ಸಮೀಕ್ಷೆ ಶುರುಮಾಡಿದಾಗ ಊರಿನ ಓದಿದ ಯುವಕರನ್ನೇ ಆ ಕೆಲಸಕ್ಕೆ ತೆಗೆದುಕೊಂಡಿತು. ಹೊಲದಲ್ಲಿ ನಿಂತೇ ಫೋಟೊ ತೆಗೆಯಬೇಕು, ಜಾಗದ ಅಕ್ಷಾಂಶ ರೇಖಾಂಶ ಅದರೊಡನೆ ದಾಖಲಾಗುತ್ತದೆ. ಹಿಸ್ಸೆಗೆ ಇಷ್ಟು ಎಂದು ಸಂಭಾವನೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯನ್ನು ಆ್ಯಪ್‌ನಲ್ಲಿ ದಾಖಲಿಸುವ ಅವಕಾಶವೂ ಸಿಕ್ಕಿತು.

ಖಾಯಂ ಹುದ್ದೆ ಸೃಷ್ಟಿಸದೆ, ಹಂಗಾಮಿಗೆ ಬೇಕಾದಷ್ಟು ಜನರನ್ನು ಊರಿನಲ್ಲೇ ಹೊಂದಿಸಿಕೊಂಡ ಈ ಕ್ರಮ ಹೊಂದಿಕೊಳ್ಳುವ ನೌಕರವರ್ಗದ ಒಳ್ಳೆಯ ಮಾದರಿ. ಅದರ ಮಿತಿಯೂ ಅಷ್ಟೇ ನಿಜ. ಹಿಸ್ಸೆಯ ಲೆಕ್ಕದಲ್ಲಿ ಹಣ ಸಿಗುವಾಗ ಬದುವಿನಲ್ಲಿ ನಿಂತು ನಾಲ್ಕು ಹೊಲ ಮುಗಿಸುವ ಆಸೆ ಹುಟ್ಟುತ್ತದೆ. ಮಿಶ್ರ ಬೆಳೆ, ಅಂತರ ಬೆಳೆ ಇರುವಲ್ಲಿ ತಪ್ಪಾಗುತ್ತದೆ. ತಪ್ಪನ್ನು ಸರಿಪಡಿಸುವ ಹೊಣೆ ಮತ್ತೆ ಬಂದು ನಿಲ್ಲುವುದು ಮೇಲ್ವಿಚಾರಣೆ ಮಾಡಬೇಕಾದ ಖಾಯಂ ನೌಕರನ ಬಳಿ, ಮತ್ತು ಅವನ ಬಳಿ ಸಮಯವಿಲ್ಲ.

ದತ್ತಾಂಶ ಜೋಡಿಸುವಾಗ ಎದುರಾಗುವ ಇನ್ನೊಂದು ತೊಡಕು ಹೆಸರಿನದು. ಪಹಣಿಯಲ್ಲಿ ಹೆಸರು ಕನ್ನಡದಲ್ಲಿ, ತಂದೆ ಅಥವಾ ಗಂಡನ ಹೆಸರಿನೊಡನೆ ‘ಬಿನ್’, ‘ಕೋಂ’ ಸೇರಿಸಿ ಇರುತ್ತದೆ, ಆಧಾರ್‌ನಲ್ಲಿ ಇಂಗ್ಲಿಷ್ ಕಾಗುಣಿತ, ಮುಂದೆಯೋ ಹಿಂದೆಯೋ ಒಂದು ಇನಿಷಿಯಲ್ಲು, ಬ್ಯಾಂಕಿನಲ್ಲಿ ಮೂರನೆಯದು. ಊರಿನಲ್ಲಿ ಯಾರನ್ನು ಕೇಳಿದರೂ ಒಬ್ಬರೇ ಎಂದು ಹೇಳುವ ವ್ಯಕ್ತಿ ಮೂರು ದತ್ತಾಂಶಗಳಲ್ಲಿ ಮೂವರಾಗುತ್ತಾನೆ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ, ಪೌತಿ ಖಾತೆ ಆಗದ ಜಮೀನುಗಳ ಪಾಡು ಇನ್ನೂ ಕಷ್ಟ. ಮೊದಮೊದಲು ಬೇರೆ ಬೇರೆ ಕಚೇರಿಗಳು ಒಂದಕ್ಕೊಂದು ಹೊಂದದ ಕನ್ನಡ ಫಾಂಟುಗಳಲ್ಲಿ ದಾಖಲೆ ತುಂಬಿದ್ದರಿಂದ, ಯೂನಿಕೋಡ್ ಬರುವ ತನಕ ಕನ್ನಡದ ಹೆಸರನ್ನು ಹುಡುಕುವುದೇ ಕಷ್ಟವಾಗಿತ್ತು. ಈ ಹೊಂದಾಣಿಕೆಯ ಕೆಲಸವನ್ನು ಯಾವ ಸರ್ವರೂ ಪೂರ್ತಿ ಮಾಡಲಾರದು. ಊರು ಬಲ್ಲ ನೌಕರನೇ ಮನೆಮನೆಗೆ ಹೋಗಿ ಕೇಳಬೇಕು.

ಒಬ್ಬ ನೌಕರ, ಹಲವು ಆ್ಯಪ್

ಆ ನೌಕರನ, ಅಂದರೆ ಗ್ರಾಮ ಲೆಕ್ಕಿಗನ, ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಹೆಸರಿದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಈ ಅಧಿಕಾರಿಗಳು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. ಸಂಬಳ, ಬಡ್ತಿಗಳ ಜೊತೆಗೆ ಅವರ ಮುಖ್ಯ ದೂರು ಆ್ಯಪ್‌ಗಳದ್ದು. ಹದಿನೈದಕ್ಕೂ ಹೆಚ್ಚು ಮೊಬೈಲ್ ಮತ್ತು ವೆಬ್ ತಂತ್ರಾಂಶಗಳಲ್ಲಿ ದಿನವೂ ಕೆಲಸ ಮಾಡಬೇಕು; ಅದಕ್ಕೆ ಕಚೇರಿಯಿಲ್ಲ, ಲ್ಯಾಪ್‌ಟಾಪ್ ಇಲ್ಲ, ಪ್ರಿಂಟರ್ ಇಲ್ಲ, ಇಂಟರ್‌ನೆಟ್ ಖರ್ಚೂ ಇಲ್ಲ; ಫೋನೂ ಸ್ವಂತದ್ದು. ಸರ್ಕಾರಿ ಜಮೀನು ಗುರುತಿಸುವ ಲ್ಯಾಂಡ್ ಬೀಟ್, ಪಹಣಿಗೆ ಆಧಾರ್ ಜೋಡಣೆ, ಬಗರ್ ಹುಕುಂ ಅರ್ಜಿ, ಪಿಂಚಣಿ ಪರಿಶೀಲನೆ, ಬೆಳೆ ಸಮೀಕ್ಷೆ, ನೆರೆ ಹಾನಿಯ ನಮೂದು, ಮತದಾರರ ಪಟ್ಟಿ ಹೀಗೆ ಒಂದೊಂದಕ್ಕೂ ಒಂದು ತಂತ್ರಾಂಶ, ಒಂದು ಗುಪ್ತಪದ, ಒಂದು ವಾಟ್ಸ್‌ಆ್ಯಪ್ ಗುಂಪು, ಸಂಜೆಗೊಂದು ಪ್ರಗತಿ ವರದಿ. ಜಾತಿ ಪ್ರಮಾಣಪತ್ರಕ್ಕೆ ಸ್ಥಳ ಪರಿಶೀಲನೆ, ಖಾತೆ ನೋಟಿಸ್ ಜಾರಿ, ಬೆಂಕಿ ಬಿದ್ದರೆ ಪಂಚನಾಮೆ ಮುಂತಾದ ಹಳೆಯ ಕೆಲಸಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ಆ ಬಳಿಕ ಸರ್ಕಾರ ಲ್ಯಾಪ್‌ಟಾಪ್ ಹಂಚಲು ಶುರುಮಾಡಿತು. ಬೇಡಿಕೆ ಈಡೇರಿಲ್ಲವೆಂದು 2025ರ ಆರಂಭದಲ್ಲಿ ಅವರು ಮತ್ತೆ ಧರಣಿಗೆ ಇಳಿದರು.

ಈ ಮುಷ್ಕರವನ್ನು ಹೊಸತಿಗೆ ಒಗ್ಗದ ನೌಕರರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಅವರಲ್ಲಿ ಹೆಚ್ಚಿನವರು ಮೊಬೈಲ್ ಬಳಸಿ ಬೆಳೆದ ಪೀಳಿಗೆಯವರು. ತಂತ್ರಾಂಶಗಳನ್ನು ಆಯಾ ಇಲಾಖೆ, ಆಯಾ ಯೋಜನೆಯ ಅಧಿಕಾರಿಗಳು ಬೆಂಗಳೂರಿನಲ್ಲಿ ಬೇರೆ ಬೇರೆಯಾಗಿ ಮಾಡಿಸುತ್ತಾರೆ. ಅವೆಲ್ಲ ಹೋಗಿ ಸೇರುವುದು ಒಬ್ಬನ ಫೋನಿಗೆ. ಮಾಡಿಸುವಾಗ ಅದನ್ನು ಬಳಸಬೇಕಾದವನ ದಿನದಲ್ಲಿ ಎಷ್ಟು ಗಂಟೆ ಉಳಿದಿದೆ ಎಂದು ಯಾರೂ ಕೇಳುವುದಿಲ್ಲ.

ಹುದ್ದೆಗಳ ಖಾಲಿತನ ಈ ಹೊರೆಯನ್ನು ಹೆಚ್ಚಿಸಿದೆ. ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸುಮಾರು ಎರಡೂವರೆ ಲಕ್ಷ ಭರ್ತಿಯಾಗಿಲ್ಲ. ಕಂಪ್ಯೂಟರ್ ಬಂದ ಮೇಲೆ ಇಷ್ಟು ಜನ ಬೇಡ ಎಂಬ ವಾದಕ್ಕೆ ಕೆಲವು ಕಡೆ ಅರ್ಥವಿದೆ. ಬೆರಳಚ್ಚುಗಾರ, ರವಾನೆ ಗುಮಾಸ್ತ ಮುಂತಾದ ಕೆಲಸಗಳು ನಿಜಕ್ಕೂ ಕರಗಿವೆ. ಆದರೆ ಯಾವ ಹುದ್ದೆ ಬೇಡ, ಯಾವುದು ಎರಡು ಪಟ್ಟು ಬೇಕು ಎಂದು ಇಲಾಖಾವಾರು ಲೆಕ್ಕಹಾಕಿ ಖಾಲಿ ಬಿಟ್ಟದ್ದಲ್ಲ ಇದು. ಹಣ ಉಳಿಸಲು ನೇಮಕಾತಿ ತಡೆಹಿಡಿದಾಗ ಎಲ್ಲಿ ನಿವೃತ್ತಿಯಾದರೋ ಅಲ್ಲಿ ಖಾಲಿಯಾಯಿತು. ಹೀಗಾಗಿ ಭೂಮಾಪಕರು, ಗ್ರಾಮ ಆಡಳಿತ ಅಧಿಕಾರಿಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಕೊರತೆ ಒಂದೆಡೆ, ಕೆಲಸವಿಲ್ಲದ ಹಳೆಯ ವೃಂದಗಳು ಇನ್ನೊಂದೆಡೆ.

ಈ ತೂಕ ಸರಿಪಡಿಸಲು ಅಡ್ಡಿಯಾಗಿರುವುದು ವೃಂದ ಮತ್ತು ನೇಮಕಾತಿ ನಿಯಮಗಳು. ಪ್ರತಿ ಇಲಾಖೆಗೂ ತನ್ನದೇ ನಿಯಮ, ತನ್ನದೇ ಜ್ಯೇಷ್ಠತಾ ಪಟ್ಟಿ. ಒಂದು ಇಲಾಖೆಯ ಪ್ರಥಮ ದರ್ಜೆ ಸಹಾಯಕ ಇನ್ನೊಂದು ಇಲಾಖೆಗೆ ಹೋಗಬೇಕಾದರೆ ನಿಯೋಜನೆಯ ಆದೇಶ ಬೇಕು, ಹೋದರೆ ಬಡ್ತಿಯ ಸರದಿಯ ಚಿಂತೆ. ನಿಯಮ ತಿದ್ದಲು ಹೊರಟರೆ ಕರಡು ಪ್ರಕಟಣೆ, ಆಕ್ಷೇಪಣೆ, ಹಣಕಾಸು ಮತ್ತು ಸಿಬ್ಬಂದಿ ಇಲಾಖೆಗಳ ಒಪ್ಪಿಗೆ, ಕೊನೆಗೆ ನ್ಯಾಯಾಲಯ. ಇದರ ಸುಲಭದ ದಾರಿಯಾಗಿ ಎಲ್ಲ ಇಲಾಖೆಗಳೂ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳನ್ನು ಇಟ್ಟುಕೊಂಡವು. ಇಂದು ಅನೇಕ ತಾಲ್ಲೂಕು ಕಚೇರಿ, ಪಂಚಾಯಿತಿಗಳಲ್ಲಿ ತಂತ್ರಾಂಶದ ಒಳಹೊರಗು ಪೂರ್ತಿ ಬಲ್ಲವರು ಈ ಆಪರೇಟರ್‌ಗಳು. ಅಧಿಕಾರಿಯ ಡಿಜಿಟಲ್ ಸಹಿಯ ಸಾಧನವೂ ಒಮ್ಮೊಮ್ಮೆ ಅವರ ಕೈಯಲ್ಲೇ ಇರುವುದುಂಟು. ಕಚೇರಿಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ, ಎಲ್ಲರಿಗಿಂತ ಕಡಿಮೆ ಭದ್ರತೆ ಇರುವವರ ಕೈಗೆ ಅತಿ ಮುಖ್ಯ ಕೆಲಸ ಕೊಟ್ಟ ಈ ಏರ್ಪಾಡು ಅವರಿಗೂ ಅನ್ಯಾಯ, ದಾಖಲೆಯ ಭದ್ರತೆಗೂ ಅಪಾಯ. ಭೂಮಿ ಯೋಜನೆ ತನ್ನದೇ ಗ್ರಾಮ ಲೆಕ್ಕಿಗರನ್ನು ತಯಾರು ಮಾಡಿದ ದಾರಿಯನ್ನು ಸರ್ಕಾರ ಆಮೇಲೆ ಬಿಟ್ಟುಕೊಟ್ಟದ್ದು ಈ ಇಡೀ ಅವಧಿಯ ದೊಡ್ಡ ತಪ್ಪು.

ತರಬೇತಿಯ ಪ್ರಶ್ನೆ

ನೌಕರರಿಗೆ ಕಂಪ್ಯೂಟರ್ ಬರಲೇಬೇಕೆಂದು ರಾಜ್ಯ ಸರ್ಕಾರ 2012ರಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ಪಾಸಾಗದಿದ್ದರೆ ಬಡ್ತಿ, ವಾರ್ಷಿಕ ವೇತನ ಬಡ್ತಿಗೆ ತೊಡಕು ಎಂದಿತು. ಆಮೇಲೆ ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಪರೀಕ್ಷೆಯಲ್ಲಿ ಕೇಳುವುದು ಕಂಪ್ಯೂಟರ್‌ನ ಭಾಗಗಳು, ಪದಸಂಸ್ಕರಣೆ, ಇ–ಮೇಲ್ ಬಗ್ಗೆ. ಕಡತ ಕಟ್ಟುವ, ದತ್ತಾಂಶದ ತಪ್ಪು ಗುರುತಿಸುವ, ಅರ್ಜಿಯನ್ನು ಕಾನೂನಿನ ಬೆಳಕಿನಲ್ಲಿ ತೂಗುವ ಕೌಶಲ ಅದರಿಂದ ಬರುವುದಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ 1,000 ಹುದ್ದೆಗೆ ಪಿಯುಸಿ ಅಂಕದ ಬದಲು ಸ್ಪರ್ಧಾತ್ಮಕ ಪರೀಕ್ಷೆ ನಡೆಸಿ, ಅದರಲ್ಲಿ ಕಂಪ್ಯೂಟರ್ ಜ್ಞಾನವನ್ನೂ ಸೇರಿಸಿದ್ದು ಒಂದು ಹೆಜ್ಜೆ ಮುಂದೆ.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ಅಬ್ದುಲ್ ನಜೀರ್‌ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಜಿಲ್ಲಾ ತರಬೇತಿ ಸಂಸ್ಥೆಗಳು ದಶಕಗಳಿಂದ ತರಬೇತಿ ಕೊಡುತ್ತಿವೆ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ‘ಮಿಷನ್ ಕರ್ಮಯೋಗಿ’ ತನ್ನ 46 ಲಕ್ಷದಷ್ಟು ನೌಕರರಿಗೆ ಆನ್‌ಲೈನ್ ಕಲಿಕೆ ಒದಗಿಸುವ, ನಿಯಮ ಆಧಾರಿತ ಆಡಳಿತದಿಂದ ಪಾತ್ರ ಆಧಾರಿತ ಆಡಳಿತಕ್ಕೆ ಹೋಗುವ ಗುರಿ ಇಟ್ಟುಕೊಂಡಿದೆ. ಅಂದರೆ ಒಂದು ಹುದ್ದೆಗೆ ಯಾವ ಸಾಮರ್ಥ್ಯ ಬೇಕು ಎಂದು ಮೊದಲು ಬರೆದು, ಅದಿರುವವರನ್ನು ಅಲ್ಲಿ ಕೂರಿಸುವುದು. ವಿಚಾರ ಸರಿಯಾದದ್ದೇ. ವಿಡಿಯೊ ನೋಡಿ ಪ್ರಮಾಣಪತ್ರ ಪಡೆಯುವುದಕ್ಕೂ ಹುದ್ದೆಗೂ ಸಂಬಂಧ ಬೆಸೆಯದಿದ್ದರೆ ಅದೂ ಇನ್ನೊಂದು ಆ್ಯಪ್ ಆಗುತ್ತದೆ. ಆ ಸಂಬಂಧ ಬೆಸೆಯುವ ಜಾಗ ವರ್ಗಾವಣೆ. ಸರ್ವೆ ತಂತ್ರಾಂಶದಲ್ಲಿ ಪಳಗಿದವರನ್ನು ವರ್ಷ ತುಂಬುವ ಮೊದಲೇ, ಯಾರದೋ ಶಿಫಾರಸು ಪತ್ರದ ಮೇಲೆ ಬೇರೆಡೆಗೆ ಕಳಿಸಿದರೆ ಕಲಿಸಿದ್ದೆಲ್ಲ ನೀರುಪಾಲು. ಶಿಕ್ಷಕರ ವರ್ಗಾವಣೆಯನ್ನು 2007ರ ಕಾಯ್ದೆಯ ಮೂಲಕ ಕೌನ್ಸೆಲಿಂಗ್‌ಗೆ ತಂದಾಗ ಮಧ್ಯವರ್ತಿಗಳ ಪಾತ್ರ ಬಹುಮಟ್ಟಿಗೆ ತಗ್ಗಿತು. ಇತರ ವೃಂದಗಳಿಗೆ ಆ ಕ್ರಮ ನಿಧಾನವಾಗಿ ಹರಡುತ್ತಿದೆ.

ಕಡತ ಪರದೆಗೆ ಬಂದರೂ

ಸಚಿವಾಲಯ ಮತ್ತು ಜಿಲ್ಲಾ ಕಚೇರಿಗಳಲ್ಲಿ ಇ–ಆಫೀಸ್ ಬಂದಿದೆ. ಕೋವಿಡ್ ಅದಕ್ಕೆ ವೇಗ ಕೊಟ್ಟಿತು. ಕಡತ ಕಳೆದುಹೋಯಿತು ಎಂಬ ನೆಪ ಈಗ ನಡೆಯದು. ಯಾರ ಬಳಿ ಎಷ್ಟು ದಿನ ಇತ್ತು ಎಂಬುದು ಗುಟ್ಟಲ್ಲ. ಆದರೆ ವಿಷಯ ನಿರ್ವಾಹಕ, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ ಎಂಬ ಮೆಟ್ಟಿಲುಗಳು ಹಾಗೆಯೇ ಇವೆ. ಕಾಗದದ ಕಡತ ಐದು ಮೇಜು ದಾಟುತ್ತಿತ್ತು, ಈಗಿನದು ಐದು ಲಾಗಿನ್ ದಾಟುತ್ತದೆ. ಟಿ.ಎಂ. ವಿಜಯಭಾಸ್ಕರ್ ನೇತೃತ್ವದ ಆಡಳಿತ ಸುಧಾರಣಾ ಆಯೋಗ ತನ್ನ ವರದಿಗಳಲ್ಲಿ ಸಾವಿರಾರು ಶಿಫಾರಸು ಮಾಡಿದೆ. ತೀರ್ಮಾನಿಸುವ ಅಧಿಕಾರವನ್ನು ಕೆಳಗಿನ ಹಂತಕ್ಕೆ ಇಳಿಸುವುದು ಅವುಗಳಲ್ಲಿ ಹೆಚ್ಚು ಧೈರ್ಯ ಬೇಡುವ ಬಗೆಯ ಸುಧಾರಣೆ. ಪಹಣಿಯಲ್ಲಿ ಟೈಪಿಂಗ್‌ನಿಂದಾದ ಒಂದಕ್ಷರದ ತಪ್ಪು ಸರಿಪಡಿಸಲು ರೈತ ತಹಶೀಲ್ದಾರರ, ಉಪವಿಭಾಗಾಧಿಕಾರಿಯ ಕಚೇರಿಗೆ ಅಲೆಯುವಂತಿರಬಾರದು.

ಎಲ್ಲವೂ ಒಂದೆಡೆ ಸೇರಿದಾಗ ಎಲ್ಲವೂ ಒಟ್ಟಿಗೆ ನಿಲ್ಲುವ ಅಪಾಯವೂ ಇದೆ. 2023ರಲ್ಲಿ ಬಂದ ಕಾವೇರಿ 2.0 ತಂತ್ರಾಂಶದ ಮೇಲೆ 2025ರ ಜನವರಿಯಲ್ಲಿ ಹೊರಗಿನಿಂದ ನಕಲಿ ಕೋರಿಕೆಗಳ ದಾಳಿ ನಡೆದಾಗ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ನೋಂದಣಿ ಕುಂಟಿತು. ‘ಸರ್ವರ್ ಇಲ್ಲ’ ಎಂಬ ಮಾತು ನ್ಯಾಯಬೆಲೆ ಅಂಗಡಿಯಿಂದ ಆಸ್ಪತ್ರೆಯವರೆಗೆ ಈಗ ಎಲ್ಲರಿಗೂ ಪರಿಚಿತ. ಕೂಲಿ ಮಾಡಿ ಬೆರಳ ಗೆರೆ ಸವೆದ ಮುದುಕಿಗೆ ಯಂತ್ರ ಗುರುತು ಹಿಡಿಯದಿದ್ದಾಗ, ‘ಈಕೆ ಈ ಊರಿನವಳೇ, ನನಗೆ ಗೊತ್ತು, ಅಕ್ಕಿ ಕೊಡಿ’ ಎಂದು ಬರೆದು ಸಹಿ ಮಾಡುವ ಅಧಿಕಾರ ಸ್ಥಳದಲ್ಲಿರುವ ನೌಕರನಿಗೆ ಇರಲೇಬೇಕು. ಆ ಅಧಿಕಾರ ದುರುಪಯೋಗವಾದೀತೆಂಬ ಭಯಕ್ಕಿಂತ ಆಕೆ ಹಸಿದು ಹಿಂದಿರುಗುವುದು ದೊಡ್ಡ ವಿಷಯ.

ಈಗ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಮಂಜೂರಾತಿ ವಹಿಯ ಹಾಳೆ ಕಿತ್ತು ಸುಳ್ಳು ಹಾಳೆ ಸೇರಿಸುವ ದಂಧೆಗೆ ಇದು ತಡೆಯೊಡ್ಡಲಿದೆ. ತಡವಾಗಿಯಾದರೂ ಆಗಬೇಕಿದ್ದ ಕೆಲಸ. ಸ್ಕ್ಯಾನ್ ಆದ ಕೋಟಿಗಟ್ಟಲೆ ಪುಟಗಳನ್ನು ಓದಿ, ಮೋಡಿ ಅಕ್ಷರವೋ ಹಳೆಯ ಉರ್ದು ದಾಖಲೆಯೋ ಎಂದು ಗುರುತಿಸಿ, ಸರ್ವೆ ನಂಬರಿಗೆ ಸರಿಯಾಗಿ ಜೋಡಿಸಬಲ್ಲ ಸಿಬ್ಬಂದಿ ತಾಲ್ಲೂಕುಗಳಲ್ಲಿ ತೀರ ಕಡಿಮೆ. ಆದ್ದರಿಂದ ಹೊಸ ತಂತ್ರಾಂಶಕ್ಕೆ ಆದೇಶ ಕೊಡುವ ಮುನ್ನ ಸರ್ಕಾರ ಗ್ರಾಮ ಆಡಳಿತ ಅಧಿಕಾರಿಯ ಫೋನಿನಲ್ಲಿರುವ ಆ್ಯಪ್‌ಗಳನ್ನು ಒಂದಕ್ಕೆ ಇಳಿಸಬೇಕು, ಭೂಮಾಪಕರ ಮತ್ತು ಗ್ರಾಮ ಆಡಳಿತ ಅಧಿಕಾರಿಗಳ ಖಾಲಿ ಹುದ್ದೆಗಳನ್ನು ಮೊದಲು ತುಂಬಬೇಕು, ವರ್ಷಗಳಿಂದ ಹೊರಗುತ್ತಿಗೆಯಲ್ಲಿ ದುಡಿಯುತ್ತಿರುವ ಆಪರೇಟರ್‌ಗಳಿಗೆ ಅರ್ಹತಾ ಪರೀಕ್ಷೆ ನಡೆಸಿ ಇಲಾಖೆಯೊಳಗೆ ಜಾಗ ಕೊಡಬೇಕು.